ಐಸ್ ಡಬ್ಬ ಖಾಲಿಯಾದ ಭಾನುವಾರ

ಅರ್ಲೀನ್: ಫ್ರಿಜ್ಜಿನ ಐಸ್ ಯಂತ್ರ ಕೆಟ್ಟಿಲ್ಲ ಅಂತೀಯಲ್ಲ, ಮತ್ತೆ ಐಸ್ ಎಲ್ಲಿ? ನನ್ನ ಮಂಡಿ ನೋಡು, ಊದಿ ಕುಂಬಳಕಾಯಿ ಆಗಿದೆ. ಐಸ್ ಇಲ್ಲದೆ ಫ್ರೀಜರಿನ ಬಟಾಣಿ ಪ್ಯಾಕೆಟ್ಟು ಕಟ್ಟಿಕೊಂಡು ಕೂತಿದೀನಿ.

ನಾನು: ಕೆಟ್ಟಿಲ್ಲ ಅನ್ನಲಿಲ್ಲ ಅರ್ಲೀನಮ್ಮ. ಕೆಟ್ಟಿರಲಿಕ್ಕಿಲ್ಲ ಅಂದೆ.

ಅರ್ಲೀನ್: ಏನೋ ವ್ಯತ್ಯಾಸ?

ನಾನು: ಮೊದಲನೇದಕ್ಕೆ ಪುರಾವೆ ಬೇಕು.

ಅರ್ಲೀನ್ ಮನೆಯ ಒಡತಿ, ಶಾಲಾ ಬಸ್ಸಿನ ಚಾಲಕಿ. ನಾನು ವೆಂಡೆಲ್, ಮೇಲಿನ ಕೋಣೆಯ ಬಾಡಿಗೆದಾರ. ಅದೇ ಶಾಲೆಯ ಏಳನೇ ತರಗತಿಗೆ ವಿಜ್ಞಾನದ ಮೇಷ್ಟ್ರು. ಫ್ರಿಜ್ಜು ಇಬ್ಬರಿಗೂ ಒಂದೇ; ಅದರೊಳಗಿನ ಯಂತ್ರ ನಲ್ಲಿಯಿಂದ ನೀರೆಳೆದು ತಾನೇ ಐಸ್ ಮಾಡಿ ಡಬ್ಬಕ್ಕೆ ಉದುರಿಸುತ್ತದೆ. ನಾಳೆ ಮುಖ್ಯೋಪಾಧ್ಯಾಯಿನಿ ಹಿಂದಿನ ಸಾಲಿನಲ್ಲಿ ಕೂತು ನನ್ನ ಪಾಠ ನೋಡುತ್ತಾರೆ. ಮುಂದಿನ ವರ್ಷ ನನಗೆ ಕೆಲಸ ಇರುತ್ತದೋ ಇಲ್ಲವೋ ಅದರ ಮೇಲೆ. ಪಾಠ ತಯಾರಾಗಿಲ್ಲ. ಒಂದಕ್ಷರ ಬರೆಯುವ ಬದಲು ನಾನು ಬೆಳಿಗ್ಗೆ ಎದ್ದು ಡಬ್ಬದ ಐಸನ್ನೆಲ್ಲ ಕಕ್ಕಸಿಗೆ ಸುರಿದು ನೀರು ಬಿಟ್ಟಿದ್ದೆ. ಹಾಗೆ ಮಾಡಿದರೆ ಮಾರನೇ ದಿನ ಹಿಮ ಬಿದ್ದು ಶಾಲೆಗೆ ರಜೆ ಅಂತ ಅಮೆರಿಕದ ಈ ಬಫಲೊ ಊರಿನ ಪ್ರತಿ ಮಗುವಿಗೂ ಗೊತ್ತು. ಅದು ಮೂಢನಂಬಿಕೆ ಅಂತ ಶುಕ್ರವಾರ ಆ ಮಕ್ಕಳಿಗೆ ಮುಕ್ಕಾಲು ಗಂಟೆ ಕೊರೆದವನೂ ನಾನೇ.

ಅರ್ಲೀನ್: (ಕೈಪಿಡಿ ಬಿಡಿಸಿ) ಮೊದಲು ನೀರಿನ ನಲ್ಲಿ ನೋಡಿ ಅಂತದೆ.

ನಾನು: (ಫ್ರಿಜ್ಜಿನ ಹಿಂದೆ ಹೊಟ್ಟೆ ಮೇಲೆ ಮಲಗಿ) ತೆರೆದಿದೆ.

ಅರ್ಲೀನ್: ಫಿಲ್ಟರು?

ನಾನು: ಹೋದ ತಿಂಗಳು ಬದಲಾಯಿಸಿದ್ದು.

ಅರ್ಲೀನ್: ಒಳಗಿನ ಚಳಿ?

ನಾನು: ಸೊನ್ನೆ ಫ್ಯಾರನ್‌ಹೀಟ್. ಇರಬೇಕಾದ್ದೇ ಅಷ್ಟು.

ಅರ್ಲೀನ್: ಹೊರಗೂ ಹೆಚ್ಚುಕಮ್ಮಿ ಅಷ್ಟೇ. ಆದ್ರೂ ಒಂದು ಚೂರು ಹಿಮ ಇಲ್ಲ ನೋಡು.

ನನ್ನ ತಲೆ ಫ್ರಿಜ್ಜಿಗೆ ಬಡಿಯಿತು.

ನಾನು: ಆ ಮಾತು ಈಗ್ಯಾಕೆ?

ಅರ್ಲೀನ್: ಪೈಪಿನಲ್ಲಿ ನೀರು ಹೆಪ್ಪುಗಟ್ಟಿದ್ರೆ ಕೂದಲೊಣಗಿಸೋ ಯಂತ್ರದಿಂದ ಬಿಸಿಗಾಳಿ ಬಿಡಿ ಅಂತದೆ. ಹೋಗು, ನನ್ನ ಬಚ್ಚಲಲ್ಲಿದೆ.

ಸತ್ಯ ಹೇಳುವ ಧೈರ್ಯವಿಲ್ಲದೆ ಹದಿನೈದು ನಿಮಿಷ ಫ್ರಿಜ್ಜಿಗೆ ತಲೆ ಒಣಗಿಸಿದೆ.

ಅರ್ಲೀನ್: ಇನ್ನೊಂದಿದೆ. ‘ಡಬ್ಬದ ಮೇಲಿನ ತಂತಿಯ ಕೈ ಮೇಲೆತ್ತಿದ್ದರೆ ಯಂತ್ರ ನಿಲ್ಲುತ್ತದೆ.’ ವೆಂಡೆಲ್, ಇದು ಮೇಲಿದೆ.

ನಾನು: ಡಬ್ಬ ತುಂಬಿದಾಗ ಐಸೇ ಅದನ್ನ ಎತ್ತುತ್ತೆ.

ಅರ್ಲೀನ್: ಆಮೇಲೆ ಐಸ್ ಎದ್ದು ನಡ್ಕೊಂಡು ಹೋಯ್ತಾ? ನಿನ್ನೆ ತುಂಬಿ ತುಳುಕ್ತಿತ್ತು, ನಾನೇ ನೋಡಿದೀನಿ. ಡಬ್ಬ ಹೊರಗೆಳೀಬೇಕಾದ್ರೆ ತಂತಿ ಎತ್ತಬೇಕು. ಎತ್ತಿದವನು ಇಳಿಸೋದು ಮರೆತಿದಾನೆ. ಮನೇಲಿರೋರು ಇಬ್ಬರು. ಮಂಡಿ ಊದಿರೋಳು ನಾನು.

ನಾನು: ಐಸ್ ನೇರವಾಗಿ ಆವಿ ಆಗೋದೂ ಉಂಟು. ವಿಜ್ಞಾನದಲ್ಲಿ ಅದಕ್ಕೊಂದು...

ಅರ್ಲೀನ್: ಇಪ್ಪತ್ತೆರಡು ವರ್ಷ ಬಸ್ಸಿನ ಕನ್ನಡಿಯಲ್ಲಿ ಮಕ್ಕಳ ಮುಖ ನೋಡಿದೀನಿ. ಸೀಟಿಗೆ ಚ್ಯೂಯಿಂಗ್ ಗಮ್ ಅಂಟಿಸಿದೋನ ಮುಖ ಥೇಟ್ ಹೀಗೇ. ಕಕ್ಕಸಿಗೆ ಹಾಕಿದೆಯಾ?

ನಾನು: ...ಹೂಂ.

ಅರ್ಲೀನ್: ಎಷ್ಟು?

ನಾನು: ಪೂರ್ತಿ.

ಅರ್ಲೀನ್: ಪೂರ್ತೀನಾ! ತುಂಡಿಗೊಂದು ಇಂಚು ಹಿಮ ಕಣೋ! ಎರಡಡಿ ಬಿದ್ರೆ ನಮ್ಮೂರಲ್ಲಿ ಶಾಲೆ ಮುಚ್ತಾರೆ. ಇಪ್ಪತ್ನಾಲ್ಕು ತುಂಡು ಧಾರಾಳವಾಗಿತ್ತು, ಮಿಕ್ಕಿದ್ದು ನನ್ನ ಮಂಡಿಗಾಗ್ತಿತ್ತು. ಊರನ್ನೇ ಹೂಳ್ತೀಯೇನೋ?

ನಾನು: ನೀವೂ ಇದನ್ನೆಲ್ಲ ನಂಬ್ತೀರಾ?

ಅರ್ಲೀನ್: ನಾನ್ಯಾಕೆ ನಂಬಲಿ? ಮಾಡೋದನ್ನ ಅಳತೆ ತಿಳ್ಕೊಂಡು ಮಾಡು ಅಂದೆ. ಪೈಜಾಮ ಬೇರೆ ಒಳಮೈ ಹೊರಗೆ ಮಾಡಿ ಹಾಕ್ಕೊಂಡಿದೀಯ!

ನಾನು: ಹಿಮ ಬೀಳಿಸೋಕೆ ಅದೂ ಒಂದು ನಿಯಮ...

ಅರ್ಲೀನ್: ಅದು ಮಲಗೋವಾಗ. ಮಧ್ಯಾಹ್ನ ಮೂರು ಗಂಟೆಗಲ್ಲ. ಓದಿದೋರಿಗೆ ಎಲ್ಲಾ ಅರ್ಧಂಬರ್ಧ.

ಆಕೆ ಒಂದೇ ಬೆರಳಿನಲ್ಲಿ ತಂತಿಯನ್ನು ಕೆಳಗಿಳಿಸಿದಳು. ಯಂತ್ರ ಗೊರ್ ಎಂದು ಕೆಮ್ಮಿ ನೀರು ಕುಡಿಯತೊಡಗಿತು. ಪ್ರಾಯಶ್ಚಿತ್ತವಾಗಿ ನಾನು ಬಟಾಣಿ ಪ್ಯಾಕೆಟ್ಟನ್ನು ಆಕೆಯ ಮಂಡಿಗೆ ಮತ್ತೆ ಬಿಗಿಯುತ್ತಿದ್ದಾಗ ಕಿಟಕಿ ಬೆಳ್ಳಗಾಯಿತು. ಊರಂಚಿನ ಸರೋವರದ ಕಡೆಯಿಂದ ಹಿಮ ಅಡ್ಡಡ್ಡಲಾಗಿ ಬರುತ್ತಿತ್ತು. ಐದರ ಹೊತ್ತಿಗೆ ಎದುರು ಮನೆ ಕಾಣಿಸಲಿಲ್ಲ. ಐದೂವರೆಗೆ ನನ್ನ ಫೋನು ಕಿರ್ರೆಂದಿತು.

ನಾನು: ನಾಳೆ ಶಾಲೆ ಬಂದ್! ಅರ್ಲೀನಮ್ಮ, ಬಂದ್! (ಫ್ರಿಜ್ಜನ್ನು ತಬ್ಬಿಕೊಂಡು) ಇನ್ಮೇಲೆ ವಿಜ್ಞಾನವನ್ನ ಯಾರು ಬೇಕಾದ್ರೂ ಕಲಿಸ್ಕೊಳ್ಳಲಿ!

ಅರ್ಲೀನ್: ಪೂರ್ತಿ ಓದು.

ನಾನು: ‘ಕಟ್ಟಡ ಮುಚ್ಚಿರುತ್ತದೆ. ತರಗತಿಗಳು ಎಂದಿನಂತೆ ಎಂಟಕ್ಕೆ, ಕಂಪ್ಯೂಟರಿನಲ್ಲಿ.’

ಅರ್ಲೀನ್: ಇನ್ನೊಂದು ಬಂತು ನೋಡು.

ನಾನು: ಮುಖ್ಯೋಪಾಧ್ಯಾಯಿನಿ. ‘ವೆಂಡೆಲ್, ನಿಮ್ಮ ಪಾಠ ನಾನು ಮನೆಯಿಂದಲೇ ನೋಡುತ್ತೇನೆ. ಜಿಲ್ಲಾ ಕಚೇರಿಯ ಮೂವರೂ ಸೇರಿಕೊಳ್ಳುತ್ತಾರೆ. ಹಿಮದಿಂದಾಗಿ ಅವರಿಗೂ ಬಿಡುವು ಸಿಕ್ಕಿದೆ.’

ನನ್ನ ಕೈಗಳು ಫ್ರಿಜ್ಜಿನಿಂದ ತಾವಾಗಿಯೇ ಜಾರಿದವು. ಅರ್ಲೀನ್ ತನ್ನ ಫೋನನ್ನು ಒಮ್ಮೆ ನೋಡಿ, ಬೆಳಗಿನ ಅಲಾರಾಂ ತೆಗೆದುಹಾಕಿ, ಕಾಲು ಚಾಚಿದಳು.

ಅರ್ಲೀನ್: ಬಸ್ಸನ್ನ ಕಂಪ್ಯೂಟರಿನಲ್ಲಿ ಓಡಿಸೋದು ಇನ್ನೂ ಯಾರಿಗೂ ಹೊಳೆದಿಲ್ಲ, ಪುಣ್ಯ. ನಾಳೆ ನಾನು ಹತ್ತಕ್ಕೆ ಏಳೋದು ಮಗಾ. ಪಾಠ ಸ್ವಲ್ಪ ಮೆಲ್ಲಗೆ ಮಾಡು.