ಆರು ತುಂಬಿದರೆ ಹಡಗು

ತೇಜುವಿಗೆ ಆರು ತುಂಬುವುದರೊಳಗೆ ಅವನನ್ನು ಮೈಲಾಪುರದ ಆ ಮಿಷನ್ ಶಾಲೆಗೆ ಸೇರಿಸದಿದ್ದರೆ ತಾನು ತಾಯಿಯಾಗಿದ್ದೇ ದಂಡ ಎಂದು ಶ್ರೀವಿದ್ಯಾ ತೀರ್ಮಾನಿಸಿಬಿಟ್ಟಿದ್ದಳು. ಶಿಸ್ತು, ಇಂಗ್ಲಿಷು, ಶತಮಾನದ ಹಿರಿಮೆ ಎಲ್ಲ ನೆಪ. ಅಸಲಿ ಕಾರಣವೆಂದರೆ, ಅವಳ ಅಡುಗೆಮನೆಯ ಕಿಟಕಿಯಿಂದ ಬಗ್ಗಿ ನೋಡಿದರೆ ಶಾಲೆಯ ಮೈದಾನ ಕಾಣುತ್ತಿತ್ತು. (ಬಗ್ಗುವಾಗ ಯಾರಾದರೂ ಹಿಂದಿನಿಂದ ಗಟ್ಟಿಯಾಗಿ ಹಿಡಿದುಕೊಂಡಿರಬೇಕಿತ್ತು, ಅಷ್ಟೆ.) ಚೆನ್ನೈನ ಏಪ್ರಿಲ್ ತಿಂಗಳಲ್ಲೂ ಮಗನ ಕಿವಿಗೆ ಹತ್ತಿ ಇಡುವ ತಾಯಿಗೆ ಇದಕ್ಕಿಂತ ಒಳ್ಳೆಯ ವಿದ್ಯಾಸಂಸ್ಥೆ ಭೂಮಂಡಲದಲ್ಲಿ ಇರುವುದು ಸಾಧ್ಯವಿರಲಿಲ್ಲ.

ಆದರೆ ಒಂದನೇ ಕ್ಲಾಸಿಗೆ ಸೇರುವುದು ಮಗುವಾದರೂ ಇಂಟರ್‌ವ್ಯೂ ಮಾತ್ರ ತಾಯ್ತಂದೆಯರಿಗೆ. "ಶಾಲೆ ಕಟ್ಟಿದ ಪಾದ್ರಿಗಳ ಸಂಸಾರದ ವಿಷಯ ಕೇಳ್ತಾರೆ ಕಣ್ರೀ," ಎಂದು ಕೆಳಮನೆಯ ಚಂದ್ರಮತಿ ಎಚ್ಚರಿಸಿ, ಎಲ್ಲಿಂದಲೋ ಶಾಲೆಯ ಶತಮಾನೋತ್ಸವದ ಸಂಚಿಕೆ ತಂದುಕೊಟ್ಟಳು. "ನನ್ನ ಕೇಳಿದಾಗ 'ತುಂಬಾ ಒಳ್ಳೆಯವರು' ಅಂದೆ. ಸೀಟು ಹೋಯ್ತು."

ಮೊದಲು ಗೆಲ್ಲಬೇಕಾಗಿದ್ದುದು ಅತ್ತೆ ಜಾನಕಮ್ಮನವರನ್ನು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದರೂ ಮಡಿ ಬಿಡದವರು. "ಎನ್ನಮ್ಮಾ ಇದು, ನಮ್ಮ ಮನೆ ಮಗು ಪಾದ್ರಿಗಳ ಶಾಲೆಗಾ?" ಎಂದು ಅವರು ಶುರು ಮಾಡುತ್ತಿದ್ದಂತೆ ಶ್ರೀವಿದ್ಯಾ ಸಂಚಿಕೆ ತೆರೆದು ಪಾರಾಯಣಕ್ಕೆ ಕೂತಳು.

"ಕೇಳಿ ಅತ್ತೆ. ಪಾದ್ರಿಗಳು ಮೊದಲು ಒಬ್ಬೊಬ್ಬರೇ ಹಡಗು ಹತ್ತಿ ಬರ್ತಿದ್ರಂತೆ. ಇಲ್ಲಿನ ಭಾಷೆ ಕಲಿತು, ಕೆಲಸ ಮಾಡಿ ಸೈ ಅನ್ನಿಸಿಕೊಂಡ ಮೇಲೇ ಮದುವೆಗೆ ಅಪ್ಪಣೆ ಕೇಳಬೇಕು."

"ಯಾರನ್ನ?"

"ಅವರ ದೇಶದಲ್ಲಿದ್ದ ಮಿಷನ್ ಕಮಿಟಿನ. ಹಿರಿಯರೇ ಹುಡುಗಿ ಹುಡುಕಿ, ನಡತೆ, ಆರೋಗ್ಯ, ಮನೆತನ ಎಲ್ಲ ವಿಚಾರಿಸಿ ಹಡಗು ಹತ್ತಿಸ್ತಿದ್ರು. ಎಷ್ಟೋ ಹುಡುಗೀರು ಗಂಡಿನ ಮುಖ ನೋಡಿದ್ದೇ ಇಲ್ಲಿ ಬಂದಿಳಿದ ಮೇಲೆ."

ಜಾನಕಮ್ಮ ಬಿಡಿಸುತ್ತಿದ್ದ ಸೊಪ್ಪು ಕೆಳಗಿಟ್ಟರು. "ಅಯ್ಯಯ್ಯೋ, ಎಂಥಾ ಆಚಾರವಂತರಮ್ಮಾ! ಗೋತ್ರ ನೋಡ್ತಿದ್ರಾ?"

"ಅದೇನೂ ಬರೆದಿಲ್ಲ."

"ನೋಡಿರ್ತಾರೆ. ಇಷ್ಟೆಲ್ಲ ನೋಡಿದೋರು ಅದೊಂದು ಬಿಡ್ತಾರಾ? ನನ್ನ ಮಗನ್ನೂ ಟ್ರೈನಿಂಗ್‌ಗೆ ಅಂತ ಮೈಸೂರಿಗೆ ಕಳಿಸಿದ್ದೆ. ನೇರ ನಿನ್ನನ್ನ ಕರಕೊಂಡು ಬಂದ. ನಮಗೂ ಒಂದು ಕಮಿಟಿ ಇದ್ದಿದ್ರೆ..." ಎಂದು ನಿಟ್ಟುಸಿರಿಟ್ಟರು. ಅಂದಿನಿಂದ ಜಾನಕಮ್ಮ ಮತಾಂತರಗೊಂಡರು, ಕ್ರೈಸ್ತಧರ್ಮಕ್ಕಲ್ಲ, ಕಮಿಟಿಗೆ.

ಮುಂದಿನ ಅಧ್ಯಾಯದಲ್ಲಿ ಮಕ್ಕಳು ಬಂದರು. ಇಲ್ಲಿ ಹುಟ್ಟಿದ ಮಕ್ಕಳನ್ನು ಆರು ತುಂಬುತ್ತಿದ್ದಂತೆ ಹಡಗಿನಲ್ಲಿ ಸ್ವದೇಶಕ್ಕೆ ಕಳಿಸಿ, ಅಲ್ಲಿ ಮಿಷನ್ನಿನ ಮಕ್ಕಳ ಮನೆಯಲ್ಲಿ ಬೆಳೆಸುತ್ತಿದ್ದರು. ತಾಯಿ ಮತ್ತೆ ನೋಡುವ ಹೊತ್ತಿಗೆ ಮಗನಿಗೆ ಮೀಸೆ. ಶ್ರೀವಿದ್ಯಾ ಓದುತ್ತ ಓದುತ್ತ ಬಿಕ್ಕಿದಳು. ಎದ್ದುಹೋಗಿ ಟೀವಿ ನೋಡುತ್ತಿದ್ದ ತೇಜುವಿನ ಹಣೆ ಮುಟ್ಟಿದಳು, ಮೇಲ್ತುಟಿಯನ್ನೂ ಪರೀಕ್ಷಿಸಿದಳು.

"ಅಳೋದಕ್ಕೆ ಸೀಟು ಕೊಡಲ್ಲ ಕಣೇ," ಎಂದ ಗಂಡ ಸುಜಯೀಂದ್ರ. "ಮಕ್ಕಳನ್ನ ದೂರ ಕಳಿಸಿದ ಆ ತಾಯಂದಿರನ್ನೇ ಧೈರ್ಯವಾಗಿ ಹೊಗಳು. ಬೇರೆ ಯಾವ ತಾಯಿಗೂ ಹೊಳೆಯಲ್ಲ."

ಇಂಟರ್‌ವ್ಯೂ ದಿನ ಕಮಿಟಿಯ ದರ್ಶನಕ್ಕೆಂದು ಜಾನಕಮ್ಮನೂ ರೇಷ್ಮೆ ಸೀರೆ ಉಟ್ಟು ಹೊರಟರು. ಹೆಡ್‌ಮಿಸ್ಟ್ರೆಸ್ ಸುಗುಣಾ ಮೇಡಂ ಕನ್ನಡಕದ ಮೇಲಿಂದ ನೋಡಿ, "ನಮ್ಮ ಮಿಷನರಿ ಸಂಸಾರಗಳಿಂದ ನೀವು ಕಲಿತದ್ದೇನು?" ಎಂದು ಕೇಳಿಯೇಬಿಟ್ಟರು.

ಶ್ರೀವಿದ್ಯಾ ಮೈಸೂರಿನಲ್ಲಿ ಕಲಿತ ಇಂಗ್ಲಿಷಿನ ಸಕಲ ಸೈನ್ಯವನ್ನೂ ಹೊರಡಿಸಿದಳು. "ಮೇಡಂ, ತಾಯಿ ಅಂದರೆ ಹಾಗಿರಬೇಕು! ಸೆರಗಿಗೆ ಕಟ್ಟಿಕೊಂಡು ಸಾಕಿದ ಮಗು ಏನು ಕಲಿಯುತ್ತೆ? ಕರುಳು ಗಟ್ಟಿ ಮಾಡಿಕೊಂಡು ದೂರ ಕಳಿಸುವುದೇ ನಿಜವಾದ ವಾತ್ಸಲ್ಯ." (ಹೀಗೆನ್ನುವಾಗ ಅವಳ ಎಡಗೈ ತೇಜುವಿನ ಕಾಲರ್ ಗುಂಡಿ ಹಾಕುತ್ತಿತ್ತು. ಅವನು ಬಿಚ್ಚುತ್ತಿದ್ದ.)

ಮೇಡಂ ಕಣ್ಣು ಒದ್ದೆಯಾಯಿತು. "ಇಲ್ಲಿ ಸೀಟು ಮುಗಿದಿದೆಯಮ್ಮಾ. ಆದರೆ ಕೋಟಗಿರಿ ಬೆಟ್ಟದಲ್ಲಿ ನಮ್ಮದೇ ಬೋರ್ಡಿಂಗ್ ಇದೆ. ಮೈಲಾಪುರದ ತಾಯಂದಿರಿಗೆ ನಾನದನ್ನು ಕೊಡುವುದೇ ಇಲ್ಲ. ಮಾರನೇ ದಿನವೇ ಮೊಸರನ್ನದ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿರುತ್ತಾರೆ. ನೀವು ಬೇರೆ. ಜೂನ್‌ನಲ್ಲಿ ಬಿಟ್ಟುಹೋಗಿ, ಕ್ರಿಸ್‌ಮಸ್ ರಜೆಗೆ ಬಂದು ಕರೆದುಕೊಂಡು ಹೋಗಿ."

ಶ್ರೀವಿದ್ಯಾಗೆ ಕೂತ ಕುರ್ಚಿಯೇ ಹಡಗಿನಂತೆ ತೂಗಾಡಿತು. ಗಂಡನ ಕಡೆ ನೋಡಿದಳು. ಅವನು, "ಟ್ರಂಕು ನಾವೇ ತರಬೇಕಾ ಮೇಡಂ?" ಎಂದು ಕೇಳುತ್ತಿದ್ದ. ಅತ್ತೆಯ ಕಡೆ ನೋಡಿದಳು. ಜಾನಕಮ್ಮ ಕೈ ಜೋಡಿಸಿ, "ಕಮಿಟಿಯವರು ಹೇಳಿದ ಮೇಲೆ ನಾವು ಮಾತಾಡಬಾರದಮ್ಮಾ," ಎಂದು ಪಿಸುಗುಟ್ಟಿದರು.

"ಮೇಡಂ," ಶ್ರೀವಿದ್ಯಾಳ ಇಂಗ್ಲಿಷು ರಣರಂಗ ಬಿಟ್ಟು ಓಡಿತು. "ಅಲ್ಲಿ... ತಾಯಂದಿರಿಗೂ ಹಾಸ್ಟೆಲ್ ಇದೆಯಾ?"

"ವಾರ್ಡನ್‌ಗೆ ಒಬ್ಬ ಸಹಾಯಕಿ ಬೇಕು. ಊಟ, ಜಾಗ ಕೊಡುತ್ತೇವೆ. ಸಂಬಳವಿಲ್ಲ. ನಮ್ಮ ಪಾದ್ರಿಗಳ ಹೆಂಡತಿಯರೂ ಹಾಗೇ ದುಡಿದವರು."

"ಬರ್ತೀನಿ! ಪಾತ್ರೆ ಬೇಕಾದ್ರೂ ತೊಳೀತೀನಿ!"

ತೇಜು ಅಷ್ಟರವರೆಗೆ ಕೋಟಗಿರಿಯಲ್ಲಿ ಕುದುರೆ ಇದೆಯೇ ಎಂಬ ಕುತೂಹಲದಲ್ಲಿದ್ದವನು ತಟ್ಟನೆ ತಿರುಗಿದ. "ಅಮ್ಮಾ ವರುವಾಳಾ?" ಎಂದು ತಮಿಳಿನಲ್ಲಿ ಮೇಡಂ ಅವರನ್ನೇ ಕೇಳಿದ.

"ಬರ್ತೀನಿ ಕಂದಾ, ಬಂದೇ ಬರ್ತೀನಿ!"

"ಅಪ್ಪೊ ನಾ ಪೋಗಲೆ." ಅಮ್ಮ ಬರುವುದಾದರೆ ತಾನು ಹೋಗುವುದಿಲ್ಲವಂತೆ.

ಸುಗುಣಾ ಮೇಡಂ ಕನ್ನಡಕ ತೆಗೆದು ತಾಯಿಯನ್ನೊಮ್ಮೆ, ಮಗನನ್ನೊಮ್ಮೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಬಿಚ್ಚಿ ಮೈಲಾಪುರದ ಶಾಲೆಗೇ ಅವನ ಹೆಸರು ಬರೆದುಕೊಂಡರು.

"ಸೀಟು ಮುಗಿದಿದೆ ಅಂದ್ರಲ್ಲಾ ಮೇಡಂ?" ಎಂದ ಸುಜಯೀಂದ್ರ.

"ಮುಗಿದಿದೆ. ಆದರೆ ಈ ಮಗುವಿಗೆ ದಿನಕ್ಕೆ ಸ್ವಲ್ಪ ಹೊತ್ತಾದರೂ ಅಮ್ಮನಿಂದ ರಜೆ ಬೇಡವೇ?"