ಕಷ್ಟಕಾಲಕ್ಕೆ ಇಟ್ಟ ರೊಟ್ಟಿ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಸೈಕಲ್ ಬರುವುದಿಲ್ಲ. ನನಗೆ ‘ತಪ್ಪಾಯಿತು’ ಅನ್ನಲು ಬರುವುದಿಲ್ಲ. ಕಲಿಯುವ ಪ್ರಯತ್ನ ಮಾಡಿಲ್ಲವೆಂದು ತಿಳಿಯಬೇಡಿ. ಕನ್ನಡಿಯ ಮುಂದೆ ನಿಂತು ಅಭ್ಯಾಸವನ್ನೂ ಮಾಡಿದ್ದೇನೆ. ಅರ್ಧ ಮಾತು ಚೆನ್ನಾಗಿಯೇ ಹೊರಡುತ್ತದೆ, ಇನ್ನರ್ಧಕ್ಕೆ ಬರುವಷ್ಟರಲ್ಲಿ ಎದುರಿಗಿದ್ದವರ ನಾಲ್ಕು ತಪ್ಪು ನೆನಪಾಗಿ ದನಿ ಏರುತ್ತದೆ. ಬಳ್ಳಾರಿಯ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಟೀಚರು. ಇಪ್ಪತ್ತೆಂಟು ವರ್ಷಗಳಿಂದ ಕೆಂಪು ಪೆನ್ನು ಹಿಡಿದು ಊರ ಮಕ್ಕಳ ತಪ್ಪನ್ನೆಲ್ಲ ತಿದ್ದುತ್ತ ಬಂದ ಕೈ ಇದು, ತನ್ನ ತಪ್ಪಿನ ಹತ್ತಿರ ಬಂದಾಗ ಮಾತ್ರ ಶಾಯಿ ಮುಗಿದುಹೋಗುತ್ತದೆ. ಮನೆಯಲ್ಲಿ ಅಕ್ಕಿ, ಬೇಳೆ, ತರಕಾರಿ ತುಂಬಿರುವಾಗ ನಾನು ಏಳು ದಿನ ಬರೀ ಆರು ತಿಂಗಳ ಹಳೆಯ ಒಣ ರೊಟ್ಟಿ ತಿಂದು ಬದುಕಿದ್ದಕ್ಕೆ ಈ ರೋಗವೇ ಕಾರಣ.

ರೊಟ್ಟಿಗಿಂತ ಮೊದಲು ಡಬ್ಬಿಯ ಕಥೆ ಹೇಳಬೇಕು. ಅದು ಸ್ಟೀಲಿನ ದೊಡ್ಡ ಡಬ್ಬಿ. ಮುಚ್ಚಳದ ಮೇಲೆ ‘ಗೌರಮ್ಮ, ಸಿರುಗುಪ್ಪ’ ಎಂದು ಚುಕ್ಕೆ ಚುಕ್ಕೆಯಾಗಿ ಕೊರೆಸಿದೆ. ಗೌರಮ್ಮ ನಮ್ಮವ್ವ. ಅವಳು ತೀರಿಕೊಂಡ ಮೇಲೆ ಆ ಡಬ್ಬಿ ನಮ್ಮಿಬ್ಬರು ಅಕ್ಕತಂಗಿಯರ ನಡುವೆ ಓಡಾಡತೊಡಗಿತು. ಕುರುಗೋಡಿಗೆ ಕೊಟ್ಟ ನಮ್ಮ ನಾಗಕ್ಕ ಅದರ ತುಂಬ ಖಡಕ್ ರೊಟ್ಟಿ, ಶೇಂಗಾ ಪುಡಿ, ಗುರೆಳ್ಳು ಪುಡಿ ಇಟ್ಟು ಕಳಿಸುವಳು. ಕಾಗದದಷ್ಟು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ನಿಲ್ಲಿಸಿ ಒಣಗಿಸಿದ ಅವಳ ಜೋಳದ ರೊಟ್ಟಿಗೆ ತಿಂಗಳುಗಟ್ಟಲೆ ಏನೂ ಆಗುವುದಿಲ್ಲ. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಎಂಬುದು ನಮ್ಮ ಕಡೆಯ ಕಟ್ಟುನಿಟ್ಟು. ಏನೂ ಇಲ್ಲದಿದ್ದರೆ ಹಿಡಿ ಸಕ್ಕರೆಯನ್ನಾದರೂ ಹಾಕಬೇಕು. ನಾನು ಬೇಕರಿಯಿಂದ ಮೈಸೂರು ಪಾಕು ತಂದು ತುಂಬಿ ಕಳಿಸುತ್ತಿದ್ದೆ. ‘ನಿನ್ನ ಕೈದು ಏನರ ಹಾಕಲೇ’ ಎಂದು ಅಕ್ಕ ಅನ್ನುವಳು. ‘ಸಾಲಿ ಮುಗಿಸಿ ಬರೂದ್ರಾಗ ಸಾಕಾಗಿರತೈತಿ’ ಎಂದು ನಾನು ಅನ್ನುವೆ. ಹೀಗೆ ವರ್ಷಗಳು ಸುಖವಾಗಿ ನಡೆದಿದ್ದವು.

ಕೆಟ್ಟಿದ್ದು ನಮ್ಮ ಹೊಸ ಮನೆಯ ಗೃಹಪ್ರವೇಶದ ದಿನ. ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ಕೆಲಸ ಮಾಡುವ ನಮ್ಮ ಮನೆಯವರು ತಮ್ಮ ಸಾಹೇಬರನ್ನೆಲ್ಲ ಕರೆದಿದ್ದರು. ಬಫೆ ಊಟ, ಬಿಳಿ ಬಟ್ಟೆ ಹೊದಿಸಿದ ಟೇಬಲ್ಲು, ಮೂರು ನಮೂನೆಯ ಸಿಹಿ. ಆ ಗದ್ದಲದಲ್ಲಿ ಅಕ್ಕ ಬೆಳಗಿನ ಬಸ್ಸಿಗೆ ಬಂದು, ಸೊಂಟದ ಮೇಲೆ ಡಬ್ಬಿ ಹೊತ್ತು ನೇರವಾಗಿ ಟೇಬಲ್ಲಿನ ಹತ್ತಿರ ನಡೆದಳು. ‘ಎಲ್ಲಾರಿಗೂ ಒಂದೊಂದು ಹಾಕೂನು, ಎಳ್ಳು ಹಚ್ಚೀನಿ’ ಅಂದಳು. ನನಗೆ ಸಾಹೇಬರ ಹೆಂಡತಿಯ ಮುಖ ಕಂಡಿತು, ಡಬ್ಬಿಯ ನೆಗ್ಗಿದ ಅಂಚು ಕಂಡಿತು. ‘ಅದನ್ನ ಒಳಗ ಇಡಕ್ಕ, ಇವತ್ತು ಯಾರು ತಿಂತಾರ? ಇರ್ಲಿ, ಕಷ್ಟಕಾಲಕ್ಕ ಬರತೈತಿ’ ಎಂದುಬಿಟ್ಟೆ.

ಅಕ್ಕ ಡಬ್ಬಿಯನ್ನು ಒಳಗಿಟ್ಟಳು. ಸೆರಗಿನಿಂದ ಮುಚ್ಚಳ ಒರೆಸಿದಳು. ‘ಅಂದ್ರ ನನ್ನ ರೊಟ್ಟಿ ನಿನಗ ಕಷ್ಟಕಾಲಕ್ಕ ಅಷ್ಟ’ ಎಂದು ಮೆಲ್ಲಗೆ ಹೇಳಿ, ಊಟ ಮಾಡದೆ ಹನ್ನೆರಡರ ಬಸ್ಸಿಗೆ ಹೊರಟುಹೋದಳು. ನಾನು ಬಾಗಿಲವರೆಗೆ ಹೋದೆ. ಅಲ್ಲಿ ಆ ಅರ್ಧ ಮಾತು ಗಂಟಲಿಗೆ ಬಂತು. ಉಳಿದರ್ಧ ಬರುವ ಹೊತ್ತಿಗೆ, ‘ಇಷ್ಟಕ್ಕೆಲ್ಲ ಸಿಟ್ಟು ಮಾಡಿದ್ರ ಹೆಂಗ?’ ಎಂದು ಬಾಯಿ ತಾನಾಗಿಯೇ ಕೇಳಿತ್ತು.

ಆಮೇಲೆ ಆರು ತಿಂಗಳು ಫೋನಿಲ್ಲ, ಮಾತಿಲ್ಲ. ಮೊದಲೆಲ್ಲ ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವಳ ಫೋನು ಬರುತ್ತಿತ್ತು. ಅದು ನಿಂತ ಮೇಲೂ ಆ ಹೊತ್ತಿಗೆ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು ಸುಮ್ಮಸುಮ್ಮನೆ ಕಟ್ಟೆ ಒರೆಸುತ್ತಿದ್ದೆ. ಡಬ್ಬಿ ಕೊಡುವ ನೆಪದಲ್ಲಾದರೂ ಹೋಗಿಬರೋಣವೆಂದರೆ ಅದರ ತುಂಬ ರೊಟ್ಟಿ ಹಾಗೇ ಇದೆ. ಕೊಟ್ಟ ರೊಟ್ಟಿಯನ್ನು ತಿನ್ನದೆ ಹಾಗೇ ಹೊತ್ತೊಯ್ದರೆ ಅವಳ ಮುಖಕ್ಕೆ ಹೊಡೆದಂತೆ. ಹೊರಗೆ ಚೆಲ್ಲಿದರೆ ಅನ್ನದೇವರು ಮೆಚ್ಚುವುದಿಲ್ಲ. ತಿನ್ನೋಣವೆಂದು ಮುಚ್ಚಳ ತೆಗೆದರೆ ಒಳಗಿನಿಂದ ಅಕ್ಕನ ಅಡುಗೆಮನೆಯ ವಾಸನೆ ಬರುತ್ತದೆ, ಮತ್ತೆ ಮುಚ್ಚಿಡುತ್ತೇನೆ. ಅವಳನ್ನು ನೋಡಬೇಕೆನಿಸುತ್ತಿತ್ತು. ಇದನ್ನು ಇನ್ನು ಹೇಗೆ ಸುತ್ತಿ ಬಳಸಿ ಹೇಳಲಿ? ಬಹಳ ನೋಡಬೇಕೆನಿಸುತ್ತಿತ್ತು.

ಆಗ ನಮ್ಮ ಮನೆಯವರ ಫೋನಿಗೆ ಒಂದು ವಿಡಿಯೋ ಬಂತು. ಪ್ರತಿ ಮನೆಯಲ್ಲೂ ಏಳು ದಿನಕ್ಕಾಗುವಷ್ಟು ಆಪತ್ಕಾಲದ ಆಹಾರ ಇಟ್ಟಿರಬೇಕು ಎಂದು ಯಾರೋ ಕನ್ನಡಕದ ಮಹಾಶಯರು ಹೆದರಿಸುತ್ತಿದ್ದರು. ನಾನು ತಟ್ಟನೆ, ‘ನಮ್ಮನ್ಯಾಗ ಐತಿ. ಅದನ್ನ ತಿಂದು ಮನಶ್ಯಾ ಬದುಕ್ತಾನೋ ಇಲ್ಲೋ ಪರೀಕ್ಷೆ ಮಾಡಬೇಕು’ ಅಂದೆ. ಹೊಸ ನೋಟುಬುಕ್ಕಿನಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಗೆ ಬರೆದೆ. ಉದ್ದೇಶ: ಸಂಗ್ರಹಿಸಿದ ಆಹಾರದಿಂದ ಒಬ್ಬ ವ್ಯಕ್ತಿ ಏಳು ದಿನ ಜೀವಿಸಬಹುದೇ ಎಂದು ತಿಳಿಯುವುದು. ಸಲಕರಣೆಗಳು: ರೊಟ್ಟಿ ಇಪ್ಪತ್ತೆಂಟು, ಪುಡಿ ಎರಡು ಬಗೆ, ನೀರು. ನಮ್ಮ ಮನೆಯವರು ಇಣುಕಿ ಓದಿದರು. ‘ಹುಚ್ಚು ಗಿಚ್ಚು ಹಿಡದೈತೇನು? ಅಕ್ಕಾರಿಗೆ ಒಂದು ಫೋನ್ ಮಾಡಿದ್ರ ಮುಗೀತಿತ್ತು’ ಅಂದರು. ವಿಜ್ಞಾನಕ್ಕೂ ಅಕ್ಕನಿಗೂ ಏನು ಸಂಬಂಧ ಎಂದು ನಾನು ಗದರಿದೆ. ಅವರು ನಕ್ಕು ಬಿಸಿ ಅನ್ನ ಕಲಸಿಕೊಂಡು, ನನ್ನೆದುರಿಗೇ ತುಪ್ಪ ಹಾಕಿಕೊಂಡರು.

ಮೊದಲ ದಿನ ಉತ್ಸಾಹದಲ್ಲಿ ಕಳೆಯಿತು. ಎರಡನೆಯ ದಿನ ಶಾಲೆಯಲ್ಲಿ ಕಷ್ಟವಾಯಿತು. ಹನ್ನೊಂದು ಗಂಟೆಗೆ ನಮ್ಮ ಸ್ಟಾಫ್ ರೂಮಿಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬರುತ್ತದೆ. ಬಳ್ಳಾರಿ ಸೀಮೆಯಲ್ಲಿ ಹುಟ್ಟಿದ ಬಾಯಿ ಆ ವಾಸನೆಗೆ ಹೇಗೆ ಸುಮ್ಮನಿದ್ದೀತು? ಇನ್ನು ನಾನು ಸಿರುಗುಪ್ಪದವಳು, ಸ್ವಲ್ಪ ಹೆಚ್ಚೇ ಆಸೆಬುರುಕಿ. ಮೂಲೆಯಲ್ಲಿ ಕೂತು ರೊಟ್ಟಿ ಮುರಿದೆ. ಖಡಕ್ ರೊಟ್ಟಿಯನ್ನು ಗುಟ್ಟಾಗಿ ತಿನ್ನಲು ಸಾಧ್ಯವಿಲ್ಲವೆಂಬ ಸತ್ಯ ಆ ದಿನ ಪ್ರಯೋಗದಿಂದ ಸಿದ್ಧವಾಯಿತು. ಆ ಸಪ್ಪಳಕ್ಕೆ ಗಣಿತದ ಶಮೀಮ್ ಟೀಚರು ತಲೆಯೆತ್ತಿ, ‘ಯಾಕ್ರಿ ಟೀಚರ್, ಮಿರ್ಚಿ ಬ್ಯಾಡೇನ್ರಿ? ವ್ರತ ಹಿಡದೀರೇನು?’ ಎಂದು ಕೇಳಿದರು. ಪರೀಕ್ಷೆಯ ವಿಷಯ ಹೇಳಿದೆ. ‘ನಮ್ಮ ರಂಜಾನ್ ರೋಜಾದಾಗ ಸಂಜಿಗಾದ್ರೂ ಹೊಟ್ಟಿ ತುಂಬ ತಿಂತೀವ್ರಿ. ನಿಮ್ದು ಯಾವ ನಮೂನಿ ಉಪವಾಸ?’ ಎಂದು ಅವರು ಒಂದು ಮಿರ್ಚಿಯನ್ನು ನನ್ನ ಮೂಗಿನ ಹತ್ತಿರ ತಂದು, ಸಾವಕಾಶವಾಗಿ ತಾವೇ ತಿಂದರು.

ಮೂರನೆಯ ದಿನ ಕ್ಯಾಪ್ ಹಾಕಿಸಿದ ದವಡೆ ಹಲ್ಲು ಮುಷ್ಕರ ಹೂಡಿತು. ರೊಟ್ಟಿಯನ್ನು ನೀರಿನಲ್ಲಿ ನೆನೆಸಿ, ಮೇಲೆ ಶೇಂಗಾ ಪುಡಿ ಉದುರಿಸಿ ತಿಂದೆ. ಪುಡಿಗೆ ಸಣ್ಣಗೆ ಕಮಟು ವಾಸನೆ ಬಂದಿತ್ತು, ರೊಟ್ಟಿಗೆ ಮಾತ್ರ ಏನೂ ಆಗಿರಲಿಲ್ಲ. ಹೀಗೆ ನೆನೆಸಿದ ರೊಟ್ಟಿ ಬಾಯಿಗೆ ಬಿದ್ದದ್ದೇ ಸಿರುಗುಪ್ಪದ ಮಾಳಿಗೆ ನೆನಪಾಯಿತು. ನನಗಾಗ ಏಳು ವರ್ಷ, ಅಕ್ಕನಿಗೆ ಹನ್ನೊಂದು. ಹೊಳೆ ತುಂಬಿ ಓಣಿಗೆ ನೀರು ನುಗ್ಗಿತ್ತು, ಅಪ್ಪ ಬಳ್ಳಾರಿಯಲ್ಲಿ ಸಿಕ್ಕಿಹಾಕಿಕೊಂಡಿದ್ದ. ಅವ್ವ ನಮ್ಮಿಬ್ಬರನ್ನೂ ಇದೇ ಡಬ್ಬಿಯನ್ನೂ ಮಾಳಿಗೆಗೆ ಹತ್ತಿಸಿ, ಹೊತ್ತಿಗೆ ಒಂದೊಂದೇ ರೊಟ್ಟಿಯನ್ನು ನೆನೆಸಿ ಕೊಡುತ್ತಿದ್ದಳು. ಅಕ್ಕ ತನ್ನದರಲ್ಲಿ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿ, ‘ನನಗ ರೊಟ್ಟಿ ಸೇರಂಗಿಲ್ಲ, ನೀ ತಿನ್ನಲೇ ಪಾರಿ’ ಅನ್ನುತ್ತಿದ್ದಳು. ನಾನು ನಂಬಿದೆ. ಅವಳ ಮದುವೆಯಾದ ಮೇಲೆ ಅವಳ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅವಳ ತಟ್ಟೆಯಲ್ಲಿ ಮೂರು ಮೂರು ರೊಟ್ಟಿ ಕಂಡರೂ ಈ ವಿಜ್ಞಾನದ ಟೀಚರಿಗೆ ಏನೂ ಹೊಳೆದಿರಲಿಲ್ಲ. ನಲವತ್ತೈದು ವರ್ಷ ಬೇಕಾಯಿತು, ಒಂದು ಹಲ್ಲು ನೋಯಬೇಕಾಯಿತು. ಅಡುಗೆಮನೆಯಲ್ಲಿ ನಿಂತೇ ಅತ್ತುಬಿಟ್ಟೆ. ನಮ್ಮ ಮನೆಯವರು ಬಂದು, ‘ಹಸಿವಾಗಿ ಅಳಾಕತ್ತೀಯೇನು? ಅನ್ನ ಐತಿ ನೋಡು’ ಅಂದರು.

ಐದನೆಯ ದಿನ ಬೆಳಿಗ್ಗೆ ಅವರ ಫೋನು ರಿಂಗಾಯಿತು. ಅಕ್ಕ! ನಾನು ಬಾಗಿಲ ಸಂದಿಯಲ್ಲಿ ನಿಂತೆ. ಅವರು ಎರಡು ನಿಮಿಷ ಹೂಂಗುಟ್ಟಿ ಫೋನಿಟ್ಟರು. ‘ಏನಂದ್ಲು?’ ಎಂದು ಕೇಳಿದೆ. ‘ಅವ್ವನ ಡಬ್ಬಿ ಬೇಕಾಗೈತಂತ. ಕಳಸ್ರಿ ಅಂದ್ರು.’ ‘ನನ್ನ ಕೇಳಿದ್ಲೇನು?’ ‘ಇಲ್ಲ. ಡಬ್ಬಿ ಅಷ್ಟ ಕೇಳಿದ್ರು.’

ನಮ್ಮ ಕಡೆ ಡಬ್ಬಿಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಕೇಳಿದರೆ, ಇನ್ನು ಮುಂದೆ ನಿಮ್ಮ ಮನೆಗೆ ಏನೂ ಕಳಿಸುವುದಿಲ್ಲ ಎಂದೇ ಅರ್ಥ. ಅವ್ವ ಇದ್ದಿದ್ದರೆ ಇಬ್ಬರಿಗೂ ಎರಡೆರಡು ಬಿಗಿದು ಎದುರುಬದುರು ಕೂರಿಸುತ್ತಿದ್ದಳು. ಈಗ ಅವ್ವನೂ ಇಲ್ಲ, ಉಳಿದಿರುವುದು ಅವಳ ಹೆಸರಿನ ಡಬ್ಬಿ ಒಂದೇ. ಅದೂ ಹೊರಟಿತು. ಆದರೂ ಉಳಿದ ಮೂರು ದಿನದ ರೊಟ್ಟಿಯನ್ನು ಒಂದು ಚೂರೂ ಬಿಡದೆ ತಿಂದೆ. ತಳದ ಪುಡಿಯನ್ನೂ ಬೆರಳಿಗೆ ಅಂಟಿಸಿ ನೆಕ್ಕಿದೆ. ಅಕ್ಕನ ಕೈಯ ಅಡುಗೆ ಮತ್ತೆ ಯಾವಾಗಲೋ ಏನೋ. ದೇಹದ ತೂಕ ನೋಡಿಕೊಂಡೆ, ಎರಡೇ ಕಿಲೋ ಇಳಿದಿತ್ತು. ಮನುಷ್ಯ ಬದುಕುತ್ತಾನೆ ಎಂದು ಯಾರಾದರೂ ಬರೆದುಕೊಳ್ಳಬಹುದು.

ಡಬ್ಬಿಯನ್ನು ಖಾಲಿ ಕೊಡುವ ಹಾಗಿಲ್ಲವಲ್ಲ. ಈ ಸಲ ಬೇಕರಿಗೆ ಹೋಗಲು ಮನಸ್ಸಾಗಲಿಲ್ಲ. ಭಾನುವಾರ ನಸುಕಿನಲ್ಲೇ ಎದ್ದು ಜೋಳದ ಹಿಟ್ಟು ನಾದಿದೆ. ತವರಿನಲ್ಲಿ ನಾನು ರೊಟ್ಟಿ ಬಡಿದವಳೇ ಅಲ್ಲ. ‘ನೀ ಓದ್ಕೊಲೇ, ರೊಟ್ಟಿ ನಾ ಬಡೀತೀನಿ’ ಎಂದು ಅಕ್ಕ ನನ್ನನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಪಕ್ಕದ ಕೋಣೆಯಿಂದ ಬರುವ ಅವಳ ಕೈಬಳೆಯ ಸಪ್ಪಳದಲ್ಲೇ ನನ್ನ ಓದು ಮುಗಿದದ್ದು. ಬಡಿದ ಇಪ್ಪತ್ತು ರೊಟ್ಟಿಗಳಲ್ಲಿ ಒಂಬತ್ತು ಹಂಚಿನ ಮೇಲೆ ಪ್ರಾಣ ಬಿಟ್ಟವು. ಉಳಿದ ಹನ್ನೊಂದು ಕೆಲವೆಡೆ ಕರಿಕಾಗಿ ಕೆಲವೆಡೆ ಅರೆಬೆಂದು ಒಣಗಿದವು. ದುಂಡಗಿದ್ದದ್ದು ಒಂದೂ ಇಲ್ಲ. ಅವನ್ನೇ ಡಬ್ಬಿಯಲ್ಲಿ ಜೋಡಿಸಿ ಕುರುಗೋಡಿನ ಬಸ್ಸು ಹತ್ತಿದೆ.

ಗುಡ್ಡದ ಬುಡದ ಓಣಿಯಲ್ಲಿ ಅಕ್ಕನ ಮನೆ. ಅವಳು ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದಳು. ತಲೆಯೆತ್ತಿ ನನ್ನನ್ನು, ಡಬ್ಬಿಯನ್ನು ನೋಡಿದಳು. ಆರು ತಿಂಗಳಾದ ಮೇಲೆ ಅವಳಾಡಿದ ಮೊದಲ ಮಾತು, ‘ಚಪ್ಪಲಿ ನೆಳ್ಳಾಗ ಬಿಡು, ಕಾಯ್ತಾವು’ ಎಂದು. ನಾನು ನೆರಳಿನಲ್ಲಿ ಬಿಟ್ಟು ಒಳಗೆ ಹೋದೆ. ಅಡುಗೆಮನೆಯ ನಾಗೊಂದಿಗೆಯ ಹಲಗೆಯ ಮೇಲೆ ಸಾಲಾಗಿ ಬೋರಲು ಹಾಕಿದ ಆರು ಸ್ಟೀಲಿನ ಡಬ್ಬಿ, ಆರೂ ಖಾಲಿ. ‘ಇಷ್ಟು ಡಬ್ಬಿ ಇದ್ದಾವು. ಮತ್ತ ಇದನ್ನ ಯಾಕ ಕೇಳಿದಿ?’ ಎಂದು ಕೇಳಿದೆ. ‘ಅವ್ವನ ಡಬ್ಬಿ ಅದು, ನೋಡಬೇಕನಿಸ್ತು’ ಎಂದು ಅಕ್ಕ ಬೇರೆ ಕಡೆ ತಿರುಗಿ ಹೇಳಿದಳು. ಆಮೇಲೆ ಮುಚ್ಚಳ ತೆಗೆದಳು.

ಬಹಳ ಹೊತ್ತು ಒಳಗೆ ನೋಡಿದಳು. ಒಂದು ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು, ಮುರಿದಳು, ಬಾಯಿಗೆ ಹಾಕಿಕೊಂಡಳು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೂ ನಾನು ಹಾಗೆ ಕಾದಿರಲಿಲ್ಲ. ಅಕ್ಕ ಅಗಿದು ನುಂಗಿ ಹೇಳಿದಳು: ‘ಇದು ಕಷ್ಟಕಾಲಕ್ಕೂ ಆಗಂಗಿಲ್ಲ ಬಿಡಲೇ ಪಾರಿ.’

ಇಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ನನ್ನ ಕಣ್ಣಲ್ಲಿ ನೀರು ಬಂತು. ‘ಅಕ್ಕಾ, ಅವತ್ತು ನಂದು ತಪ್ಪ...’ ಎಂದು ಶುರುಮಾಡಿದೆ. ‘ಸಾಕು, ಅದು ನಿನಗ ಬರಂಗಿಲ್ಲ’ ಎಂದು ಅವಳು ಇನ್ನೊಂದು ರೊಟ್ಟಿಗೆ ಕೈ ಹಾಕಿದಳು. ‘ನಿನಗ ರೊಟ್ಟಿ ಸೇರಂಗಿಲ್ಲ ಅಂತಿದ್ದೆಲ್ಲ?’ ಅಂದೆ. ‘ಯಾವಾಗ ಅಂದಿದ್ನೆ?’ ‘ಸಿರುಗುಪ್ಪದಾಗ. ಮಾಳಿಗಿ ಮ್ಯಾಲ, ಹೊಳಿ ಬಂದಾಗ.’ ಅಕ್ಕ ಕೈಯಲ್ಲಿದ್ದ ರೊಟ್ಟಿಯನ್ನು ಅರ್ಧಕ್ಕೆ ಮುರಿದಳು. ‘ಆಗ ಸೇರ್ತಿದ್ದಿಲ್ಲ’ ಅಂದಳು. ಆಮೇಲೆ ನನ್ನ ಆ ಸುಟ್ಟ, ಸೊಟ್ಟ ರೊಟ್ಟಿಗಳಲ್ಲಿ ಮೂರನ್ನು ನನ್ನ ಎದುರಿಗೇ ತಿಂದು ಮುಗಿಸಿದಳು.

ಸಂಜೆ ಡಬ್ಬಿ ತುಂಬಿಕೊಂಡೇ ವಾಪಸಾಯಿತು. ಬಸ್ಸು ದಾರಿಯ ಕೊಳಗಲ್ಲು ದಾಟುವ ಮೊದಲೇ ನಾನು ಮುಚ್ಚಳ ತೆಗೆದು ಎರಡು ರೊಟ್ಟಿ ಮುರಿದಿದ್ದೆ, ಆ ಸಪ್ಪಳಕ್ಕೆ ಬಸ್ಸಿನವರೆಲ್ಲ ತಿರುಗಿ ನೋಡಿದರು. ಮನೆಗೆ ಬಂದಾಗ ನಮ್ಮ ಮನೆಯವರು ಬಾಗಿಲಲ್ಲೇ ಕಾಯುತ್ತಿದ್ದರು. ‘ಅಕ್ಕಾರ ಮುಂದ ತಪ್ಪಾತು ಅಂದೇನು?’ ಎಂದು ಕೇಳಿದರು. ‘ಅರ್ಧ ಅಂದೆ’ ಎಂದು ನಿಜ ಹೇಳಿದೆ. ‘ಮತ್ತ ಉಳಿದರ್ಧ?’

ನಾನು ಡಬ್ಬಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಸೆರಗಿನಿಂದ ಅವ್ವನ ಹೆಸರು ಒರೆಸಿದೆ. ‘ಅದನ್ನ ಕಷ್ಟಕಾಲಕ್ಕ ಇಟ್ಕೊಂಡೀನಿ’ ಅಂದೆ.