ಹಾನಗಲ್ಲಿನ ಸಮುದ್ರ ಸೋಸಿದ ಮಹಾಲಿಂಗಪ್ಪ

ಸಮುದ್ರಕ್ಕೆ ಘಟ್ಟ ಹತ್ತಿಸಿ ಹಾನಗಲ್ಲಿಗೆ ಕರೆತಂದ ಗಂಡಸು ಭೂಮಿಯ ಮೇಲೆ ತಾನೊಬ್ಬನೇ ಎಂದು ಅರಿವೆ ಅಂಗಡಿಯ ಮಹಾಲಿಂಗಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಅದು ಪೂರ್ತಿ ಸುಳ್ಳೇನಲ್ಲ. ಕಾರವಾರದಿಂದ ಕ್ಯಾನುಗಟ್ಟಲೆ ಉಪ್ಪುನೀರನ್ನೂ ಅರಿಶಿನ ಬಣ್ಣದ ಒಂದು ಜೋಡಿ ಮೀನನ್ನೂ ಬಸ್ಸಿನಲ್ಲಿ ತಂದು, ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಸಾಕಿದ್ದ. ಊರಿಗೆ ಇನ್ನೂ ಟೀವಿ ಬಂದಿರದ ಕಾಲ; ಸಂಜೆಯಾದರೆ ಓಣಿಯ ಜನ ಆ ತೊಟ್ಟಿಯನ್ನೇ ನೋಡುತ್ತ ಕೂರುತ್ತಿದ್ದರು.

ಮೀನು ತತ್ತಿ ಇಡುತ್ತಿತ್ತು; ಮರಿ ಮಾತ್ರ ಆಗುತ್ತಿರಲಿಲ್ಲ. ಎರಡು ಸಲ ತತ್ತಿಗಳೇ ಮಾಯವಾದವು. ಹೆಂಡತಿಯ ಅಣ್ಣ, ಹಿರೇಕೆರೂರಿನ ಪರಮೇಶಪ್ಪ ನಕ್ಕದ್ದೇ ತಡ, ಮಹಾಲಿಂಗಪ್ಪ ಆಣೆ ಮಾಡಿಬಿಟ್ಟ: ಈ ಸಲವೂ ಮರಿಯಾಗದಿದ್ದರೆ ಮೀನನ್ನು ಕಡಲಿಗೆ ಬಿಟ್ಟುಬಂದು, ತೊಟ್ಟಿಯನ್ನು ಉಪ್ಪಿನಕಾಯಿ ಹಾಕಲು ಕೊಟ್ಟುಬಿಡುವೆ!

ಕಳ್ಳರು ಯಾರೆಂದು ಅವನಿಗೆ ಗೊತ್ತಿತ್ತು. ಉಪ್ಪುನೀರಿನ ಜತೆ ಟಿಕೆಟ್ಟಿಲ್ಲದೆ ಬಂದ, ಸಿಗಡಿ ಜಾತಿಯ ಹುಳಗಳು. ಗಾತ್ರದಲ್ಲಿ ಎಳ್ಳಿಗಿಂತ ಸಣ್ಣವು. ಲೆಕ್ಕದಲ್ಲಿ ಸವಣೂರು, ಶಿಗ್ಗಾವಿ ಎರಡೂ ಊರಿನ ಜನರನ್ನು ಕೂಡಿಸಿದರೂ ಅವೇ ಹೆಚ್ಚು.

ಮಹಾಲಿಂಗಪ್ಪ ಸಮರ ಸಾರಿದ. ಬೆಳಿಗ್ಗೆ ಎದ್ದವನೇ ತೊಟ್ಟಿಯ ನೀರು ಮೊಗೆದು, ಮಲ್‌ಮಲ್ ಅರಿವೆಯಲ್ಲಿ ಸೋಸಿ, ನೀರನ್ನು ಮರಳಿ ಸುರಿದು, ಹುಳ ತುಂಬಿದ ಅರಿವೆಯನ್ನು ಒಗೆಯಲೆಂದು ಹೆಂಡತಿ ಅನ್ನವ್ವನ ಕೈಗಿತ್ತು ಅಂಗಡಿಗೆ ನಡೆಯುತ್ತಿದ್ದ. ಮರುದಿನ ನೋಡಿದರೆ ಹುಳ ಇದ್ದಷ್ಟೇ ಇದ್ದವು! ಅರಿವೆಯದೇ ತಪ್ಪೆಂದು ಇನ್ನೂ ನಯವಾದದ್ದನ್ನು ಹರಿದ. ಅದೂ ಸೋತಿತು. ಗಿರಾಕಿಗೆ ಎತ್ತಿಟ್ಟಿದ್ದ ವಾಯಿಲ್ ಹೋಯಿತು. ಕಡೆಗೆ ಮದುವೆಯಲ್ಲಿ ಸುತ್ತಿದ್ದ ರುಮಾಲೂ ರಣರಂಗಕ್ಕಿಳಿಯಿತು. ಆ ತಿಂಗಳು ಅವನ ಅಂಗಡಿಯ ಅರಿವೆಯನ್ನು ಗಿರಾಕಿಗಳಿಗಿಂತ ಹುಳಗಳೇ ಹೆಚ್ಚು ಮುಟ್ಟಿ ನೋಡಿದವು.

ಹೊಸ ತತ್ತಿ ಒಡೆಯುವ ಕಾಲ ಬಂತು. ಆಣೆಯ ಗತಿ ನೋಡಲು ಪರಮೇಶಪ್ಪನೂ ಬಂದಿಳಿದ. ಬೆಳಿಗ್ಗೆ ಅವನು ಹಿತ್ತಲಲ್ಲಿ ಮುಖ ತೊಳೆಯುತ್ತಿದ್ದಾಗ, ಅಂಗಡಿಗೆ ಹೊರಟಿದ್ದ ಮಹಾಲಿಂಗಪ್ಪ ಕೀಲಿಕೈ ಮರೆತು ತಿರುಗಿ ಬಂದ. ಅನ್ನವ್ವ ರುಮಾಲನ್ನು ತಿರುವಿ ಹಾಕಿ ತೊಟ್ಟಿಯಲ್ಲೇ ಜಾಲಾಡಿಸುತ್ತಿದ್ದಳು.

“ಏನ ಮಾಡಾಕತ್ತಿ?”

“ದಿನಾ ಮಾಡೂದನ್ನ. ಬಾವಿ ನೀರು ಸೋಸಿದ ಮ್ಯಾಲೆ ಅರಿವ್ಯಾಗಿನ ಜೀವಾ ತಿರಗಿ ಬಾವಿಗೇ ಬಿಡಬೇಕಂತ ನಿಮ್ಮವ್ವಾರ ಕಲಿಸಿದ್ದಲ್ಲೇನ್ರಿ? ಇವು ಉಪ್ಪುನೀರಿನವು. ಮತ್ತೆಲ್ಲಿ ಬಿಡ್ಲಿ? ಕಾರವಾರದ ಬಸ್ಸು ಹತ್ತಿಸ್ಲ್ಯಾ?”

ಮಹಾಲಿಂಗಪ್ಪ ಕುಸಿದು ಕುಳಿತ. ಇಷ್ಟು ದಿನವೂ ಅವೇ ಹುಳಗಳಿಗೆ ಮುಂಜಾನೆಯ ಜಳಕ ಮಾಡಿಸಿದ್ದ! ಮೀನಿಗೆ ಕಡಲು, ತೊಟ್ಟಿಗೆ ಮಾವಿನಕಾಯಿ ಎಂದು ಮನಸ್ಸಿನಲ್ಲೇ ಬೀಳ್ಕೊಡುತ್ತ ಗಾಜಿಗೆ ಮುಖ ಹಚ್ಚಿದ. ಒಳಗೆ ಕೂದಲೆಳೆಯಂಥ ಏನೋ ಮಿಸುಕಿತು. ಇನ್ನೊಂದು. ಮತ್ತೊಂದು. ಮರಿಗಳು! ಹುಟ್ಟಿದ ಹಸಿವಿಗೆ ಬಾಯ್ತೆರೆದು, ಆ ಹುಳಗಳು ಹೆತ್ತ, ಕಣ್ಣಿಗೆ ಕಂಡೂ ಕಾಣದಂಥ ಮರಿಹುಳಗಳನ್ನು ಗುಳುಂ ಮಾಡುತ್ತಿದ್ದವು. ತತ್ತಿ ಕದ್ದವರು ಹುಳಗಳಲ್ಲವೇ ಅಲ್ಲ; ಅನ್ನವ್ವ ಅವನ್ನು ತಿರುಗಿ ಬಿಟ್ಟಿರದಿದ್ದರೆ ಆ ಬಾಯಿಗಳಿಗೆ ಮೊದಲ ತುತ್ತೇ ಇರುತ್ತಿರಲಿಲ್ಲ.

ಕುಸಿದವನು ಎದ್ದ. ಎದೆಯುಬ್ಬಿಸಿ ಪರಮೇಶಪ್ಪನನ್ನು ಕೂಗಿ ಕರೆದು, ತಾನು ಒಂದು ದಿನವೂ ಬಿಡದೆ ಸೋಸಿದ್ದಕ್ಕೇ ಮರಿ ಉಳಿದವೆಂದು ವರ್ಣಿಸತೊಡಗಿದ.

ಅನ್ನವ್ವ ಕುದಿಯುತ್ತಿದ್ದ ಚಹಾದ ಪಾತ್ರೆಯನ್ನೂ ಸೋಸುವ ಅರಿವೆಯನ್ನೂ ತಂದು ಗಂಡನ ಮುಂದಿಟ್ಟಳು.

“ಹೌದಣ್ಣಾ, ಸೋಸೂದ್ರಾಗ ಇವರ ಕೈ ಚಲೋ ಪಳಗೇತಿ. ಇನ್ನ ಮುಂದ ಚಾನೂ ಇವರ ಸೋಸ್ತಾರ. ನೀ ಅಂಜಬ್ಯಾಡ, ಚಾದ ಪುಡಿ ನಾ ತಿರಗಿ ಹಾಕಂಗಿಲ್ಲ.”